ಅವ್ವನ ಮುಖಾಂತರ ಹೇಳಲಾಗದ ರೋಗ

ಹೋದ ವಾರ ನನ್ನ ಹೆಂಡತಿ ಟ್ರಂಕು ಸ್ವಚ್ಛ ಮಾಡಲು ಕುಳಿತಳು. ಮೇಲೆ ನನ್ನ ಮ್ಯಾಟ್ರಿಕ್ ಸರ್ಟಿಫಿಕೇಟು, ಅದರ ಕೆಳಗೆ ಬಿ.ಎ. ಸರ್ಟಿಫಿಕೇಟು, ಅದರ ಕೆಳಗೆ ಎರವಲು ಗೌನು ತೊಟ್ಟು ಧಾರವಾಡದಲ್ಲಿ ತೆಗೆಸಿಕೊಂಡ ಫೋಟೊ. ಫೋಟೊದ ಕೆಳಗೆ ಹಳೆಯ ರುಮಾಲಿನ ತುಂಡಿನಲ್ಲಿ ಕಟ್ಟಿಟ್ಟ ಒಂದು ಗಂಟು ಸಿಕ್ಕಿತು. ಬಿಚ್ಚಿ ನೋಡಿದರೆ ಸಿಂಬಿ. ನೀರಿನ ಕೊಡ ಹೊರುವಾಗ ಹೆಂಗಸರು ತಲೆಯ ಮೇಲೆ ಇಟ್ಟುಕೊಳ್ಳುವ, ಹಳೇ ಸೀರೆ ಹೊಸೆದು ಬಳೆಯಂತೆ ಸುತ್ತಿದ ಸಿಂಬಿ.

"ಇದನ್ಯಾಕ ಸರ್ಟಿಫಿಕೇಟಿನ ಜೋಡಿ ಇಟ್ಟೀರಿ?" ಎಂದಳು.

"ಅದೂ ಒಂದು ಸರ್ಟಿಫಿಕೇಟನ" ಎಂದೆ.

"ಯಾರ ಕೊಟ್ಟದ್ದು?"

"ನೌಕರಿ ಕೊಟ್ಟದ್ದು."

ಅವಳು ಹೆಚ್ಚು ಕೇಳಲಿಲ್ಲ. ಬಿ.ಎ. ಆದ ಗಂಡನ ಮಾತಿನಲ್ಲಿ ಅರ್ಧ ತಿಳಿಯದಿದ್ದರೆ ಅದನ್ನು ಓದಿನ ಲೆಕ್ಕಕ್ಕೆ ಬಿಡುವುದು ಅವಳ ರೂಢಿ. ಮರುದಿನದಿಂದ ಆ ಸಿಂಬಿ ಅವಳ ತಲೆಯ ಮೇಲೇರಿ ನೀರಿಗೆ ಹೋಗತೊಡಗಿತು. ನಾನು ಒಂದು ಇಡೀ ಟರ್ಮು ಅದರ ಮೇಲೆ ಕುಳಿತು ಹೈಸ್ಕೂಲಿನ ಹುಡುಗರಿಗೆ ಇತಿಹಾಸ ಹೇಳಿದ್ದೇನೆಂದು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ.

ನಿಮ್ಮ ಮುಂದೆ ಹೇಳುತ್ತೇನೆ, ನೀವು ನನಗೆ ನೀರು ತರುವವರಲ್ಲ. ನನಗೆ ಮೂಲವ್ಯಾಧಿಯಾಗಿತ್ತು. ನೋಡಿ, ಆ ಶಬ್ದ ಬರೆಯುವಾಗ ಕೈ ಸ್ವಲ್ಪ ತಡೆಯಿತು. ನೆಗಡಿಯಾದವ ಓಣಿಗೆಲ್ಲ ಕೇಳುವಂತೆ ಸೀನುತ್ತಾನೆ. ಚಳಿಜ್ವರ ಬಂದವ ಮೂರು ಕೌದಿ ಹೊದ್ದದ್ದನ್ನು ಯುದ್ಧ ಗೆದ್ದು ಬಂದವನಂತೆ ಹೇಳುತ್ತಾನೆ. ಹಲ್ಲು ಕಿತ್ತಿಸಿಕೊಂಡವ ಹಲ್ಲನ್ನೇ ತಂದು ತೋರಿಸುತ್ತಾನೆ. ಈ ಒಂದು ರೋಗವನ್ನು ಮಾತ್ರ ಯಾರೂ ಯಾರಿಗೂ ಹೇಳುವುದಿಲ್ಲ. ಬಹಳವಾದರೆ 'ಉಷ್ಣ ಆಗೇತಿ' ಎನ್ನುತ್ತಾರೆ. ನಮ್ಮ ವಿಜಾಪುರದ ಬಿಸಿಲಿನಲ್ಲಿ ಉಷ್ಣವಾಗದವರು ಯಾರಿದ್ದಾರೆ, ಕೇಳಿದವರೂ ಅಲ್ಲಿಗೆ ಸುಮ್ಮನಾಗುತ್ತಾರೆ.

ನನಗೆ ಅದು ಹೇಗೆ ಬಂತೆಂಬುದಕ್ಕೆ ಕಾರಣ ಕುರ್ಚಿ. ಯುದ್ಧದ ಕಾಲ, ಎಲ್ಲಕ್ಕೂ ಕಂಟ್ರೋಲು, ಓದಿದವರಿಗೆ ನೌಕರಿಯೂ ಕಂಟ್ರೋಲಿನಲ್ಲೇ ಸಿಗುತ್ತಿತ್ತು. ಅಂಥದರಲ್ಲಿ ಬಬಲೇಶ್ವರದ ಒಕ್ಕಲಿಗನ ಮಗನಿಗೆ ವಿಜಾಪುರದ ಹೈಸ್ಕೂಲಿನಲ್ಲಿ ಮಾಸ್ತರಿಕೆ ಸಿಕ್ಕಿತು. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದವ ನಾನೇ ಮೊದಲಿಗ. ಕುರ್ಚಿಯ ಮೇಲೆ ಕುಳಿತು ಅನ್ನ ಗಳಿಸಿದವನೂ ನಾನೇ ಮೊದಲಿಗ. ಆ ಕುರ್ಚಿಗೆ ಬೆತ್ತದ ಹೆಣಿಗೆಯಿತ್ತು, ಎರಡು ಕೈಯಿತ್ತು. ಉಳಿದ ಮಾಸ್ತರರು ಬಿಡುವಿನ ವೇಳೆಗೆ ಬೇವಿನ ಗಿಡದ ಕೆಳಗೆ ಅಡ್ಡಾಡುತ್ತಿದ್ದರು. ನಾನು ಮಾತ್ರ ಪ್ರಾರ್ಥನೆಯ ಗಂಟೆಯಿಂದ ಕೊನೆಯ ಗಂಟೆಯವರೆಗೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಎದ್ದರೆ ಯಾರಾದರೂ ಒಯ್ದಾರೆಂಬ ಅಂಜಿಕೆ ಇತ್ತೇನೋ.

ಶಾಲೆಯ ನೀರು ಸವುಳು, ಕುಡಿಯುತ್ತಿರಲಿಲ್ಲ. ಖಾಣಾವಳಿಯಲ್ಲಿ ಎರಡೂ ಹೊತ್ತು ಒಣರೊಟ್ಟಿ, ಕೆಂಪು ಖಾರ, ಶೇಂಗಾ ಹಿಂಡಿ. ಪಲ್ಯವೆಂಬುದು ಹಬ್ಬಕ್ಕೆ. ಅಥಣಿ ರಸ್ತೆಯ ಬದಿಗೆ ನಾನು ಹಿಡಿದಿದ್ದ ಖೋಲಿಯಲ್ಲಿ ಆರು ಮನೆಗೆ ಕೂಡಿ ಒಂದೇ ಪಾಯಖಾನೆ. ಒಳಗೆ ಹೋಗಿ ಉಸಿರು ಬಿಡುವ ಮೊದಲೇ ಹೊರಗೆ ನಿಂತವರು ಚರಿಗಿಯಿಂದ ಬಾಗಿಲು ಬಡಿಯುತ್ತಿದ್ದರು. ಊರಲ್ಲಿ ಹಳ್ಳದ ದಂಡೆಗೆ ಚರಿಗಿ ತೆಗೆದುಕೊಂಡು ಹೋಗಿ, ಸೂರ್ಯ ಮೂಡುವುದನ್ನು ನೋಡಿ ಬರುತ್ತಿದ್ದ ಹುಡುಗ ನಾನು. ಬಡಿತ ಕೇಳಿದ ಕೂಡಲೇ ಕೆಲಸ ಅರ್ಧಕ್ಕೆ ಬಿಟ್ಟು, ಇಲ್ಲವೆ ಜೀವ ಬಿಗಿಹಿಡಿದು ತಿಣುಕಿ ಮುಕ್ಕಿ, ಹೊರಗೆ ಬರುತ್ತಿದ್ದೆ. ಕೆಲವು ದಿನ ಸಂಜೆಗೆ ಮುಂದೂಡುತ್ತಿದ್ದೆ. ಸಂಜೆಯದು ಮರುದಿನಕ್ಕೆ ಹೋಗುತ್ತಿತ್ತು.

ಮೊದಲು ಉರಿ ಬಂತು. ಆಮೇಲೆ ಕಡಲೆಯಷ್ಟು ಒಂದು ಗಂಟು. ಎರಡೇ ದಿನಕ್ಕೆ ಅದು ಹುಣಸೆಬೀಜವಾಗಿ, ನೆಲ್ಲಿಕಾಯಿಯಾಯಿತು. ಕೂಡ್ರಲಾಗದು, ಕೆಮ್ಮಲಾಗದು, ಹಾಸಿಗೆಯಲ್ಲಿ ಹೊರಳಲಾಗದು. ಬೇರೆಯವನಾಗಿದ್ದರೆ ಅಳುತ್ತ ಡಾಕ್ಟರರ ಕಡೆಗೆ ಓಡುತ್ತಿದ್ದ. ನಾನು ಓದಿದವ, ವಾಚನಾಲಯಕ್ಕೆ ಹೋದೆ. ಇಂಗ್ಲಿಷಿನ ದಪ್ಪ ವೈದ್ಯಪುಸ್ತಕ ತೆಗೆಸಿ, ಮೇಲೊಂದು ಇತಿಹಾಸದ ಪುಸ್ತಕ ಮುಚ್ಚಿಟ್ಟುಕೊಂಡು, ನಿಂತುಕೊಂಡೇ ಓದಿದೆ. ಇಂಗ್ಲಿಷ್ ಕಲಿತರೆ ಇದೊಂದು ಹಾನಿ. ಆ ಪುಸ್ತಕದಲ್ಲಿ ಯಾವ ಗಂಟಿನ ಬೆನ್ನುಹತ್ತಿ ಹೋದರೂ ನಾಲ್ಕು ಪುಟದ ಆಚೆ ರೋಗಿ ಸಾಯುತ್ತಿದ್ದ. ನನ್ನದು ಕ್ಯಾನ್ಸರೆಂದು ನಾನೇ ಗೊತ್ತು ಮಾಡಿದೆ. ಪದವಿಯ ಫೋಟೊ ಯಾರ ಮನೆಯ ಗೋಡೆಗೆ ಹೋಗಬೇಕೆಂಬುದನ್ನೂ ಯೋಚಿಸಿದ್ದೆ.

ಆ ದಿನಗಳಲ್ಲಿ ಪಾಠವನ್ನೆಲ್ಲ ನಿಂತೇ ಹೇಳಿದೆ. ಕಿಟಕಿಯಿಂದ ನೋಡಿದ ಹೆಡ್‌ಮಾಸ್ತರರು ಎಲ್ಲರ ಮುಂದೆ, "ಕಲಿಸಾಕ ಬಂದ್ರ ಹಿಂಗ ಕಲಿಸ್ಬೇಕು. ಕುರ್ಚಿ ಮುಟ್ಟಿಲ್ಲ ನೋಡ್ರಿ ಈ ಹುಡುಗ" ಎಂದು ಹೊಗಳಿದರು. ಸಹೋದ್ಯೋಗಿಗಳು ಎರಡು ದಿನ ನನ್ನ ಜೊತೆ ಚಹಾ ಕುಡಿಯಲಿಲ್ಲ. ಮೂರನೆಯ ದಿನ ನಿಲ್ಲುವುದೂ ಆಗದೆ, ಮನೆಯ ಮಾಲಕಿಯ ಹತ್ತಿರ ಒಂದು ಸಿಂಬಿ ಬೇಡಿ ತಂದು ಕೋಟಿನಲ್ಲಿ ಸುತ್ತಿ ಕುರ್ಚಿಯ ಮೇಲೆ ಇಟ್ಟುಕೊಂಡೆ. ನಡುವೆ ತೂತು ಇರುವ ಆಸನ ಎಷ್ಟು ದೊಡ್ಡದೆಂಬುದು ನೋವಿದ್ದವನಿಗೇ ಗೊತ್ತು.

ಕೊನೆಗೆ ಬಜಾರದ ವೃದ್ಧ ಡಾಕ್ಟರರ ಕಡೆಗೆ ಹೋಗಿ ನನ್ನ ಕ್ಯಾನ್ಸರಿನ ಸುದ್ದಿ ಹೇಳಿದೆ. ಅವರು ಪರದೆಯ ಹಿಂದೆ ನೋಡಿ, ಕೈ ತೊಳೆದುಕೊಂಡು, ಕೇಳಿದರು.

"ಎಲ್ಲಿತನಕ ಕಲ್ತೀರಿ?"

"ಬಿ.ಎ. ಆಗೇತ್ರಿ."

"ದಿನಕ್ಕ ಎಷ್ಟ ನೀರ ಕುಡೀತೀರಿ?"

ನಾನು ಲೆಕ್ಕ ಹಾಕತೊಡಗಿದೆ. ಲೆಕ್ಕ ಹಾಕಬೇಕಾಯಿತೆಂಬುದೇ ಅವರಿಗೆ ಉತ್ತರವಾಯಿತು.

"ಕ್ಯಾನ್ಸರೂ ಅಲ್ಲ, ಏನೂ ಅಲ್ಲ. ಆ ಜಾಗಾದಾಗ ರಕ್ತದ ನರ ಇರ್ತಾವ. ಗಟ್ಟಿ ಆದದ್ದನ್ನ ಮುಕ್ಕಿ ಮುಕ್ಕಿ ಹೊರಗ ಹಾಕಿದ್ರ, ಒಂದ ಕಡೆ ತಾಸಗಟ್ಟಲೆ ಕುಂತ್ರ, ಬಂದ ಕೆಲಸ ತಡಕೊಂಡ್ರ, ಆ ನರ ಉಬ್ಬತಾವ. ನಿಮ್ಮ ಉಬ್ಬಿದ ನರದಾಗ ರಕ್ತ ಹೆಪ್ಪುಗಟ್ಟೇತಿ, ಅದಕ್ಕ ಇಷ್ಟ ನೋವು. ಬೋಗುಣಿಯೊಳಗ ಉಗುರುಬೆಚ್ಚನ ನೀರು ಹಾಕ್ಕೊಂಡು ದಿನಾ ಎರಡು ಮೂರು ಸಲ ಸ್ವಲ್ಪೊತ್ತು ಕುಂಡ್ರಿ. ಇಸಬಗೋಲ ಕುಡೀರಿ, ಪಲ್ಯ ತಿನ್ರಿ, ಮಜ್ಜಗಿ ಕುಡೀರಿ, ಕೊಡಗಟ್ಟಲೆ ನೀರು ಕುಡೀರಿ. ಎರಡು ವಾರದಾಗ ಇಳೀತೈತಿ."

ಜೀವ ಬಂತು. ಚಪ್ಪಲಿ ಮೆಟ್ಟುವಾಗ ಅವರು ಮತ್ತೆ ಕೇಳಿದರು.

"ನಿಮ್ಮ ತಂದಿಯವ್ರಿಗೆ ಇತ್ತೇನು ಇದು?"

"ಗೊತ್ತಿಲ್ರಿ."

"ಕೇಳ್ರಿ. ಮನಿತನದಾಗ ಬರೂದುಂಟು. ವಯಸ್ಸಾದವ್ರಿಗೆ ರಕ್ತ ಬೀಳತಿದ್ರ ಮೂಲವ್ಯಾಧಿ ಅಂತ ತಾವ ಹೆಸರಿಟ್ಟು ಸುಮ್ಮನ ಕುಂಡ್ರಬಾರ್ದು. ಒಮ್ಮೊಮ್ಮೆ ಒಳಗ ಬ್ಯಾರೆ ಗಡ್ಡಿ ಇರ್ತೈತಿ. ನೀವು ಅಂಜಿದ್ದು ನಿಮಗ ಅಲ್ಲ, ಆದ್ರ ಅಂಥಾದ್ದು ಇರೂದಂತೂ ಖರೆ."

ಖೋಲಿಗೆ ಬಂದು ಬೋಗುಣಿಯಲ್ಲಿ ಕುಳಿತೆ. ಬಿಸಿನೀರಿಗೆ ನೋವು ಸಡಿಲವಾದ ಹಾಗೆ ನೆನಪು ಬಿಗಿಯಾಯಿತು. ಅಪ್ಪ ಯಾವಾಗಲೂ ಚಕ್ಕಡಿಯನ್ನು ನಿಂತೇ ಹೊಡೆಯುತ್ತಿದ್ದ. ಒಂದು ಕಾಲು ಮುಂದೆ, ಒಂದು ಹಿಂದೆ, ಹಗ್ಗ ಕೈಯಲ್ಲಿ. ಚಿಕ್ಕವನಿದ್ದಾಗ ನಾನು ಶಾಲೆಯಲ್ಲಿ, "ನಮ್ಮಪ್ಪ ನಿಂತ ಹೊಡೀತಾನಲೇ, ನಿಮ್ಮಪ್ಪನಂಗ ಕುಂತ ಹೊಡಿಯಾಂವಲ್ಲ" ಎಂದು ಎದೆಯುಬ್ಬಿಸುತ್ತಿದ್ದೆ. ಊಟಕ್ಕೆ ಕುಳಿತರೆ ಒಂದೇ ತೊಡೆಯ ಮೇಲೆ ಭಾರ ಹಾಕಿ, ಅರ್ಧಕ್ಕೆ ತೊಡೆ ಬದಲಿಸುತ್ತಿದ್ದ. ಮನೆಮಂದಿಯ ಅರಿವೆಯನ್ನೆಲ್ಲ ಅವ್ವ ಒಗೆಯುತ್ತಿದ್ದಳು, ಅಪ್ಪನ ಧೋತರವನ್ನು ಮಾತ್ರ ಅಪ್ಪನೇ ಬೆಳಗಾಗುವ ಮೊದಲು ಹಳ್ಳಕ್ಕೆ ಒಯ್ದು ಹಿಂಡಿ ತರುತ್ತಿದ್ದ. ಎಂಥ ಸ್ವಾಭಿಮಾನಿ ಎಂದುಕೊಂಡಿದ್ದೆ. ದೀಪಾವಳಿಗೆ ಹೋದಾಗ ಅವನ ಮುಖ ಬೂದಿ ಬಡಿದಂತಿತ್ತು. ಬಿಸಿಲಿಗೆ ಎಂದುಕೊಂಡಿದ್ದೆ. ಬೋಗುಣಿಯ ನೀರು ಆರಿಹೋಯಿತು. ಏಳಲಿಲ್ಲ.

ಕೇಳುವುದು ಹೇಗೆ? ಇಲ್ಲಿ ನಮ್ಮ ಮನೆಯ ಪದ್ಧತಿಯನ್ನು ಹೇಳಬೇಕು. ಮಗ ಮೀಸೆ ಬರುವಷ್ಟು ದೊಡ್ಡವನಾದ ಮೇಲೆ ಅಪ್ಪ ಮಗ ನೇರ ಮಾತಾಡುವುದಿಲ್ಲ. ಜಗಳವೇನಲ್ಲ, ಮರ್ಯಾದೆ. ಮಾತೆಲ್ಲ ಅವ್ವನ ಮುಖಾಂತರ. ಅಪ್ಪ ಒಲೆಯ ಆ ಕಡೆ, ನಾನು ಈ ಕಡೆ, ನಡುವೆ ಅವ್ವ ರೊಟ್ಟಿ ಬಡಿಯುತ್ತಿರುತ್ತಾಳೆ. "ನಿನ್ನ ಮಗ ಎಷ್ಟು ದಿನ ಇರ್ತಾನ ಕೇಳು" ಎಂದು ಅಪ್ಪ. "ನಾಳೆ ಹೋಗ್ತೀನಂತ ಹೇಳಬೇ" ಎಂದು ನಾನು. ಅವ್ವ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ, ರೊಟ್ಟಿ ತಿರುವಿ ಹಾಕುತ್ತಾಳೆ. ಮಾತು ಮುಟ್ಟುತ್ತದೆ. ನಾನು ಬಿ.ಎ. ಪಾಸಾದ ಸುದ್ದಿ ತಂದ ದಿನವೂ ಅಪ್ಪ, "ನಿನ್ನ ಮಗಗ ಚೊಲೋ ಆತಂತ ಹೇಳು" ಎಂದಷ್ಟೇ ಹೇಳಿ ಎತ್ತು ಮೇಯಿಸಲು ಹೋಗಿದ್ದ. ಎಂಟು ವರ್ಷ ಹೀಗೆ ನಡೆದಿತ್ತು, ಒಂದು ಸಲವೂ ತೊಡಕಾಗಿರಲಿಲ್ಲ. ಈಗ ಕೇಳಬೇಕಾದ ಮಾತು ಮಾತ್ರ ಅವ್ವನ ಎದುರಿಗೆ ಬಾಯಿಂದ ಬರುವಂಥದ್ದಲ್ಲ.

ಶನಿವಾರ ಅರ್ಧ ದಿನ ಶಾಲೆ ಮುಗಿಸಿ ಇದ್ದಲಿಯ ಬಸ್ಸು ಹತ್ತಿದೆ. ಪೆಟ್ರೋಲು ಸಿಗದ ಕಾಲ, ಬಸ್ಸಿನ ಹಿಂದೆ ಒಲೆ ಕಟ್ಟಿ ಇದ್ದಲಿ ಹಾಕಿ ಓಡಿಸುತ್ತಿದ್ದರು. ಅದು ಓಡುವುದಕ್ಕಿಂತ ಕುಣಿಯುವುದೇ ಹೆಚ್ಚು. ಬಬಲೇಶ್ವರದವರೆಗೆ ಮೇಲಿನ ಕಬ್ಬಿಣದ ಸರಳು ಹಿಡಿದು ತೂಗಾಡಿದೆ. ಕಂಡಕ್ಟರ, "ಜಾಗಾ ಐತಿ, ಕುಂಡ್ರಿ ಮಾಸ್ತರ" ಎಂದು ನಾಲ್ಕು ಸಲ ಹೇಳಿ ಸೋತ.

ಅಪ್ಪ ಅಂಗಳದಲ್ಲಿ ಜೋಳದ ಕಣಿಕೆಯ ಸಿವುಡು ಹೊತ್ತು ಬರುತ್ತಿದ್ದ. ಹತ್ತು ಹೆಜ್ಜೆಗೆ ನಿಂತ, ಗೋಡೆ ಹಿಡಿದ, ಉಸಿರು ತೆಗೆದುಕೊಂಡ. ಮೂರು ಸಿವುಡು ಒಮ್ಮೆಲೆ ಹೊರುತ್ತಿದ್ದವನು ಒಂದಕ್ಕೇ ನಿಂತಿದ್ದ. ತುಟಿಯ ಬಣ್ಣ ಹೋಗಿತ್ತು.

"ಅಪ್ಪಗ ಏನಾಗೇತಿಬೇ?" ಎಂದು ಅವ್ವನನ್ನು ಕೇಳಿದೆ.

"ಉಷ್ಣ ಅಂತ. ನಾಳೆ ಟಿಕೋಟಾಕ ಹೋಗ್ತೀನಿ ಅಂದಾನ."

ರಾತ್ರಿಯ ಊಟಕ್ಕೆ ಕುಳಿತಾಗ, "ಟಿಕೋಟಾಕ ಎದಕ್ಕಂತ ಕೇಳಬೇ" ಎಂದೆ.

"ಎತ್ತಿನ ಹಗ್ಗಕ್ಕಂತ ಹೇಳು" ಎಂದ ಅಪ್ಪ.

"ಹಗ್ಗ ಇಲ್ಲೇ ಸಿಗತಾವಲ್ಲಂತ ಕೇಳು."

"ಮಾಸ್ತರಗ ಹಗ್ಗದ ಸುದ್ದಿ ಯಾಕಂತ ಕೇಳು."

ಅವ್ವ ರೊಟ್ಟಿ ತಿರುವಿ ಹಾಕಿದಳು. ಟಿಕೋಟಾದಲ್ಲಿ ಯಾರಿದ್ದಾರೆಂದು ಸುತ್ತಿನ ಊರಿಗೆಲ್ಲ ಗೊತ್ತು. ಸಂಗಪ್ಪಜ್ಜನೆಂಬ ಒಬ್ಬ ಮುದುಕ ಮೂಲವ್ಯಾಧಿಯ ಗಡ್ಡೆಗೆ ಔಷಧ ಹಚ್ಚಿ ಉದುರಿಸುತ್ತಿದ್ದ. ನಮ್ಮ ಖಾಣಾವಳಿಯ ಅಡಿಗೆಯವನ ಅಣ್ಣ ಬೇರೆ ಎಲ್ಲಿಯೋ ಅಂಥದೇ ಔಷಧ ಹಚ್ಚಿಸಿಕೊಂಡು, ಮಾಂಸ ಸುಟ್ಟು, ತಿಂಗಳುಗಟ್ಟಲೆ ಬೋರಲು ಮಲಗಿದ್ದ. ಅಪ್ಪನ ಮೈಯಲ್ಲಿ ಸುಡಲು ಏನು ಉಳಿದಿದೆ? ಒಳಗಿರುವುದು ಮೂಲವ್ಯಾಧಿಯೋ ಡಾಕ್ಟರರು ಹೇಳಿದ ಆ ಬೇರೆಯದೋ?

ಬೆಳಿಗ್ಗೆ ಅಪ್ಪ ಚಕ್ಕಡಿ ಹೂಡಿದಾಗ ಕರೆಯದಿದ್ದರೂ ಹೋಗಿ ಹಿಂದೆ ಹತ್ತಿದೆ. ಅಪ್ಪ ತಿರುಗಿ ನೋಡಿದ, ಏನೂ ಅನ್ನಲಿಲ್ಲ. ಅನ್ನಲು ನಡುವೆ ಅವ್ವ ಇರಲಿಲ್ಲ. ಊರ ಅಗಸಿಬಾಗಿಲು ದಾಟಿದ ಮೇಲೆ ಅವನು ಎಡಗಡೆಯ ಎತ್ತಿಗೆ ಹೇಳಿದ.

"ಈತ ಯಾಕ ಹೊಂಟಾನ ಕೇಳಪಾ."

ನನಗೂ ಬೇರೆ ದಾರಿ ತೋಚಲಿಲ್ಲ. "ಟಿಕೋಟಾ ನೋಡಿಲ್ಲ, ನೋಡಾಕ ಹೊಂಟೀನಂತ ಹೇಳಪಾ" ಎಂದು ಅದೇ ಎತ್ತಿಗೆ ಹೇಳಿದೆ.

"ಬಿ.ಎ. ಆಗಿ ಟಿಕೋಟಾ ನೋಡಿಲ್ಲಂತ" ಎಂದು ಅಪ್ಪ ಬಲಗಡೆಯ ಎತ್ತಿಗೆ ಹೇಳಿದ.

ಎತ್ತುಗಳು ಅವ್ವನಷ್ಟು ಚೆನ್ನಾಗಿ ಮಾತು ಮುಟ್ಟಿಸಲಿಲ್ಲ. ಅಲ್ಲಿಗೆ ನಿಂತಿತು. ಎರೆಭೂಮಿಯ ದಾರಿ, ಮಳೆಗಾಲದ ಗಾಲಿಯ ಗೆರೆಗಳು ಒಣಗಿ ಕಲ್ಲಾಗಿದ್ದವು. ನಾನು ಬಾಯಲ್ಲಿ ಮಾತು ಕಟ್ಟುತ್ತಿದ್ದೆ, ಗಾಲಿ ಕುಣಿದು ಕೆಡವುತ್ತಿತ್ತು. ಇಂಗ್ಲಿಷಿನಲ್ಲಿ ಎಷ್ಟು ಶಬ್ದ ಬೇಕಾದರೂ ಇದ್ದವು. ಅಪ್ಪನ ಬೆನ್ನಿಗೆ ಹೇಳುವ ಒಂದು ಶಬ್ದ ಕನ್ನಡದಲ್ಲಿ ಸಿಗಲಿಲ್ಲ. ಅರ್ಧ ದಾರಿಗೆ ಒಂದು ತಗ್ಗಿನಲ್ಲಿ ಗಾಲಿ ಇಳಿದು ಎದ್ದಿತು. ನನ್ನ ಕಣ್ಣಿಗೆ ಕತ್ತಲೆ ಬಂತು. ಎದ್ದು ಗೂಟ ಹಿಡಿದು ನಿಂತುಬಿಟ್ಟೆ.

ಸ್ವಲ್ಪ ಹೊತ್ತಿಗೆ ಅಪ್ಪ ತಿರುಗಿ ನೋಡಿದ. ಒಂದೇ ಚಕ್ಕಡಿಯಲ್ಲಿ ಇಬ್ಬರೂ ನಿಂತಿದ್ದೆವು. ಅವನು ಹಗ್ಗ ಜಗ್ಗಿ ಎತ್ತು ನಿಲ್ಲಿಸಿದ. ನನ್ನ ಕಾಲು ನೋಡಿದ, ಮುಖ ನೋಡಿದ.

"ನಿನಗೂ ಬಂತೇನಪಾ?"

ಎಂಟು ವರ್ಷದ ಮೇಲೆ ನನಗೆ ನೇರವಾಗಿ ಹೇಳಿದ ಮೊದಲ ಮಾತು ಅದು.

"ಹೂಂ" ಎಂದೆ. "ಯಪ್ಪಾ, ನಿನಗ ರಕ್ತ ಬೀಳತೈತೇನು?"

"ಬೀಳತೈತಿ."

"ಯಾವಾಗಿಂದ?"

"ನೀ ಧಾರವಾಡಕ್ಕ ಹೋಗೂ ಮೊದಲಿಂದ." ಎತ್ತಿನ ಬೆನ್ನ ಮೇಲಿನ ನೊಣ ಹೊಡೆದ. "ಮೊದಲ ಹನಿ ಹನಿ. ಈಗ ಚರಿಗಿಯಿಂದ ಸುರುವಿದಂಗ. ಕಣ್ಣಿಗೆ ಚಕ್ಕರ ಬರತೈತಿ."

ನಾನು ಗೂಟ ಬಿಟ್ಟು ಅವನ ಹತ್ತಿರ ಸರಿದೆ.

"ನಿನಗ ಏನ ಮಾಡಿಟ್ಟೀನಿ ಅಂದ್ರ ಏನೂ ಇಲ್ಲ. ಕಲಿತದ್ದೂ ನೀನ, ನೌಕರಿ ಹಿಡದದ್ದೂ ನೀನ. ನಾ ಕೊಟ್ಟದ್ದು ಇದೊಂದ ನೋಡು" ಎಂದ. ನಕ್ಕನೋ ಏನೋ, ಮುಖ ಆ ಕಡೆಗಿತ್ತು.

"ನೀ ಕೊಟ್ಟದ್ದಲ್ಲ, ನೀರ ಕುಡೀದ ನಾನ ತಂದಕೊಂಡದ್ದು. ಯಪ್ಪಾ, ವಿಜಾಪುರಕ್ಕ ನಡಿ. ಡಾಕ್ಟರ ನೋಡ್ತಾರ."

"ಬಿಚ್ಚಿ ತೋರಿಸ್ಬೇಕಲ್ಲ?"

"ನಾ ತೋರಿಸೀನಿ."

"ನೀ ಬಿ.ಎ. ಆದಾಂವ. ಕೋಟು ಹಾಕ್ಕೊಂಡು ಏನ ಬೇಕಾದ್ದು ತೋರಿಸ್ತಿ." ಎತ್ತು ಹೊಡೆದ. "ಟಿಕೋಟಾ ಅಂತ ಹೊಂಟೀವಿ, ಟಿಕೋಟಾಕ ಹೋಗೂನು. ಸಂಗಪ್ಪ ನಮ್ಮಂಥಾಂವ. ಅವನ ಮುಂದ ನಾಚಿಕಿಲ್ಲ."

ಸಂಗಪ್ಪಜ್ಜನ ಅಂಗಳದಂಥ ಅಂಗಳವನ್ನು ನಾನು ಮತ್ತೆಲ್ಲೂ ನೋಡಿಲ್ಲ. ದೊಡ್ಡ ಬೇವಿನ ಗಿಡ, ಕೆಳಗೆ ಉದ್ದನೆಯ ಕಟ್ಟೆ, ಕಟ್ಟೆಯ ಮೇಲೆ ಒಬ್ಬರೂ ಇಲ್ಲ. ಹದಿನೈದಿಪ್ಪತ್ತು ಗಂಡಸರು ಸುತ್ತ ನಿಂತಿದ್ದರು. ಗೋಡೆಗೆ ಒರಗಿದವರು, ಕೋಲಿಗೆ ಜೋತವರು, ಹೊರಸಿನ ಮೇಲೆ ಬೋರಲು ಬಿದ್ದವನೊಬ್ಬ. ನಮ್ಮನ್ನು ಕಂಡು ಒಬ್ಬ ಮೀಸೆಯವನು, "ಬರ್ರಿ, ನಿಂದರ್ರಿ" ಎಂದ. "ಈ ಮನ್ಯಾಗ ಕುಂಡ್ರಿ ಅಂದ್ರ ಬೈದಂಗ ಆಗತೈತಿ." ನಿಂತವರೆಲ್ಲ ಮೆಲ್ಲಗೆ ನಕ್ಕರು. ಜೋರಾಗಿ ನಗುವಂತಿರಲಿಲ್ಲ, ನಕ್ಕರೂ ನೋಯುತ್ತದೆ.

ಅಪ್ಪನ ಪಾಳಿ ಬರುವವರೆಗೆ ನಾನು ಸಂಗಪ್ಪಜ್ಜನಿಗೆ ಕೇಳಬೇಕಾದ ಪ್ರಶ್ನೆಗಳನ್ನು ಸಾಲಾಗಿ ಜೋಡಿಸಿದೆ. ಔಷಧದಲ್ಲಿ ಏನಿದೆ, ಎಷ್ಟು ಜನಕ್ಕೆ ವಾಸಿಯಾಗಿದೆ, ಎಷ್ಟು ಜನಕ್ಕೆ ಕೆಟ್ಟಿದೆ. ಕಲಿತವನ ಧ್ವನಿಯಲ್ಲಿ ಕೇಳಿ ಅವನ ಬಾಯಿ ಮುಚ್ಚಿಸಬೇಕು. ಅಪ್ಪ ಸಿಟ್ಟಾದರೆ ಆಗಲಿ.

ಮುದುಕ ಸಣ್ಣ ಆಳು, ಬರಿಮೈ, ಹೆಗಲ ಮೇಲೆ ಒಂದು ವಸ್ತ್ರ. ಅಪ್ಪನನ್ನು ಒಳಗೆ ಕರೆಯಲಿಲ್ಲ. ಬಿಸಿಲಿಗೆ ಜಗ್ಗಿ ನಿಲ್ಲಿಸಿದ. ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದ, ಉಗುರು ಒತ್ತಿ ನೋಡಿದ, ನಾಲಿಗೆ ನೋಡಿದ. ನಂತರ ಕೈಬಿಟ್ಟ.

"ಇದು ನನ್ನ ಕೈಲೆ ಆಗೂದಲ್ಲಪಾ."

"ಹಂಗಂದ್ರ? ಎಲ್ಲಾರಿಗೂ ಉದುರಿಸ್ತಿ, ನನಗ್ಯಾಕ ಇಲ್ಲ?" ಎಂದ ಅಪ್ಪ.

"ಮೈಯಾಗ ರಕ್ತ ಇದ್ದವ್ರಿಗೆ ಉದುರಿಸ್ತೀನಿ. ನಿನಗ ಔಷಧ ಹಚ್ಚಿದ್ರ ಗಡ್ಡಿ ಬೀಳತೈತಿ, ಅದರ ಜೋಡಿ ನೀನೂ ಬೀಳ್ತಿ." ಆಮೇಲೆ ನನ್ನ ಕಡೆ ತಿರುಗಿದ. "ಮಗ ಏನು?"

"ಹೌದ್ರಿ."

"ಏನ ಮಾಡ್ತಿ?"

"ಮಾಸ್ತರ ಅದೀನ್ರಿ. ಬಿ.ಎ. ಆಗೇತಿ."

"ಅಪ್ಪನ ಮಾರಿ ನೋಡಾಕ ಇಷ್ಟ ವರ್ಷ ಹಿಡೀತೇನು ಹಂಗಾರ? ಇವತ್ತ ದೊಡ್ಡ ದವಾಖಾನಿಗೆ ಒಯ್ಯಿ. ನಾಳೆ ಅನಬ್ಯಾಡ."

ನನ್ನ ಪ್ರಶ್ನೆಗಳು ಬಾಯಲ್ಲೇ ಉಳಿದವು. ಮಾಸ್ತರನಾದ ಮೇಲೆ ನಾನು ಪಾಠ ಹೇಳಿಸಿಕೊಂಡದ್ದು ಅಲ್ಲಿಯೇ, ಅಂಗಳದ ತುಂಬ ಜನ ನಿಂತು ನೋಡುವಾಗ.

ಟಿಕೋಟಾದಿಂದ ಅಥಣಿ ರಸ್ತೆ ಹಿಡಿದೆವು. ಪ್ರತಿ ಮೈಲುಗಲ್ಲಿಗೂ ಅಪ್ಪನನ್ನು ನೋಡುತ್ತಿದ್ದೆ. ತೊರವಿ ಹತ್ತಿರ ಬಂದಾಗ ಅವನು ಹಗ್ಗವನ್ನು ನನ್ನ ಕೈಗೆ ಕೊಟ್ಟು, ಒಂದು ಮಾತೂ ಆಡದೆ ಚಕ್ಕಡಿಯಲ್ಲಿ ಮಗ್ಗುಲಾಗಿ ಮಲಗಿದ. ಅಪ್ಪ ಚಕ್ಕಡಿಯಲ್ಲಿ ಮಲಗಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ನಾನು ಎತ್ತು ಹೊಡೆದು ವರ್ಷಗಳಾಗಿದ್ದವು. ಕೈ ಬೇರೆಯವನದೆಂದು ಎತ್ತುಗಳಿಗೆ ಕೂಡಲೇ ತಿಳಿಯಿತು. ಹಗ್ಗ ಜಗ್ಗಿದರೆ ನಿಂತವು, ಬಿಟ್ಟರೆ ಹಸಿರಿನ ಕಡೆಗೆ ಹೊರಳಿದವು. "ಹೈ ಹೈ" ಎಂದು ನಾನು ಕೂಗಿದ್ದು ಪಾಠ ಓದಿದಂತಿತ್ತು. ಹಿಂದೆ ತಿರುಗಿ ಅಪ್ಪನ ಎದೆ ಏರಿಳಿಯುವುದನ್ನು ನೋಡುವುದು, ಮುಂದೆ ತಿರುಗಿ ದಾರಿ ನೋಡುವುದು. ಗೋಳಗುಮ್ಮಟ ಕಣ್ಣಿಗೆ ಕಾಣುತ್ತಿತ್ತು, ಹತ್ತಿರ ಮಾತ್ರ ಬರಲೊಲ್ಲದು. ಆ ದಾರಿಯಲ್ಲಿ ನಾನು ಬಿ.ಎ. ಆದವನಾಗಿರಲಿಲ್ಲ, ಏನೂ ಆಗಿರಲಿಲ್ಲ.

ದೊಡ್ಡ ದವಾಖಾನೆಯಲ್ಲಿ ಅವತ್ತೇ ದಾಖಲು ಮಾಡಿಕೊಂಡರು. ಮರುದಿನ ಬೆಳಿಗ್ಗೆ ಸರ್ಜನರು ಪರದೆಯ ಹಿಂದೆ ಅಪ್ಪನನ್ನು ಪರೀಕ್ಷೆ ಮಾಡಿದರು. ನಾನು ಈ ಕಡೆ ನಿಂತಿದ್ದೆ. ಬೆರಳು ಹಾಕಿ ನೋಡುತ್ತಾರೆ, ನಳಿಗೆ ಹಾಕಿ ನೋಡುತ್ತಾರೆ ಎಂದು ಪುಸ್ತಕದಲ್ಲಿ ಓದಿದ್ದೆ. ಅಪ್ಪನ ಧ್ವನಿ ಬರಲಿಲ್ಲ. ಅವನ ಎರಡು ಪಾದ ಮಾತ್ರ ಪರದೆಯ ಕೆಳಗೆ ಕಾಣುತ್ತಿದ್ದವು, ಹಿಮ್ಮಡಿಯ ಸೀಳಿ‌ನಲ್ಲಿ ಎರೆಮಣ್ಣು. ಬೆರಳುಗಳು ಒಮ್ಮೆ ಬಿಗಿದವು, ಸಡಿಲಾದವು, ಮತ್ತೆ ಬಿಗಿದವು. ಬೇರೆ ಗಡ್ಡೆ ಇದ್ದರೆ ಡಾಕ್ಟರರು ಹೇಗೆ ಹೇಳುತ್ತಾರೆ, ಅವ್ವನಿಗೆ ನಾನು ಹೇಗೆ ಹೇಳುತ್ತೇನೆ ಎಂದು ವಾಕ್ಯ ಹುಡುಕಿದೆ. ಒಂದೂ ಪೂರ್ತಿಯಾಗಲಿಲ್ಲ.

ಸರ್ಜನರು ಹೊರಬಂದು ಕೈ ತೊಳೆಯುತ್ತ, ನನ್ನನ್ನು ನೋಡದೆ ಹೇಳಿದರು. "ಕೈಗೆ ಸಿಕ್ಕಷ್ಟರೊಳಗ, ಕಣ್ಣಿಗೆ ಕಂಡಷ್ಟರೊಳಗ ಕೆಟ್ಟ ಗಡ್ಡಿ ಇಲ್ಲ. ಹಳೇ ಮೂಲವ್ಯಾಧಿ, ಮೂರು ಕಡೆ ಇಳದಾವ. ಆದ್ರ ರಕ್ತ ಭಾಳ ಕಡಿಮಿ ಆಗೇತಿ. ಈಗ ಕೊಯ್ದ್ರ ತಡಕೊಳ್ಳೂದಿಲ್ಲ. ಮೊದಲ ಕಬ್ಬಿಣದ ಔಷಧ ಕುಡಿಸಿ ರಕ್ತ ಮಾಡೂನು. ಆಮ್ಯಾಲೆ ಆಪರೇಶನ್."

ಒಂದೂವರೆ ತಿಂಗಳು ಹಾಗೆ ಹೋಯಿತು. ಅಪ್ಪ ನನ್ನ ಖೋಲಿಯಲ್ಲಿದ್ದ, ಅವ್ವ ಬಂದು ಅಡಿಗೆ ಮಾಡಿ ಹಾಕಿದಳು. ಮೆಂತೆ, ರಾಜಗಿರಿ, ಪುಂಡಿ, ದಿನಕ್ಕೊಂದು ಪಲ್ಯ. ಬೆಳಿಗ್ಗೆ ಎದ್ದ ಕೂಡಲೇ ನಾನು ಅಪ್ಪನ ರೆಪ್ಪೆ ಎಳೆದು ನೋಡುತ್ತಿದ್ದೆ. ಸಂಗಪ್ಪಜ್ಜನಿಂದ ಕಲಿತ ವಿದ್ಯೆ. "ಎತ್ತಿನ ಹಲ್ಲ ನೋಡಿದಂಗ ನೋಡ್ತಾನ" ಎಂದು ಅಪ್ಪ ಗೊಣಗುತ್ತಿದ್ದ, ಆದರೆ ಕಣ್ಣು ತೆರೆದು ಕೊಡುತ್ತಿದ್ದ. ಏನು ರೋಗವೆಂದು ಅವ್ವ ಕೇಳಲಿಲ್ಲ. ನಾವೂ ಹೇಳಲಿಲ್ಲ. 'ಉಷ್ಣದ ಗಡ್ಡಿ' ಎಂದಷ್ಟೇ ಹೇಳಿದೆವು. ಆಪರೇಶನ್ನಿನ ದಿನ ಅವಳು ದವಾಖಾನೆಯ ಪಾವಟಿಗೆಯ ಮೇಲೆ ಕುಳಿತಿದ್ದಳು. ನಾನು ಅಂಗಳದ ಉದ್ದ ಎಣಿಸುತ್ತ ಅಡ್ಡಾಡಿದೆ. ಅಪ್ಪನನ್ನು ಹೊರಗೆ ತಂದಾಗ ಅವನ ತುಟಿ ಅಲುಗಾಡಿತು. "ನಿಮ್ಮವ್ವ ಉಂಡಾಳೇನು?" ಎಂದು ಕೇಳಿದ, ನನ್ನನ್ನೇ.

ಮನೆಗೆ ಬಿಡುವ ದಿನ ಡಾಕ್ಟರರು ನನಗೂ ಅಪ್ಪನಿಗೂ ಕೂಡಿಯೇ ಎಲ್ಲ ಹೇಳಿದರು. ಬೋಗುಣಿಯ ಬಿಸಿನೀರು, ಪಲ್ಯ, ಮಜ್ಜಿಗೆ, ಮುಕ್ಕಬಾರದು, ತಡೆಯಬಾರದು. ಅಪ್ಪ ಒಂದೊಂದಕ್ಕೂ ನನ್ನ ಕಡೆ ನೋಡಿ ತಲೆಯಾಡಿಸಿದ. ನಿಜ ಹೇಳಬೇಕೆಂದರೆ ನನಗೆ ಆಗ ಬಹಳ ಹೆಮ್ಮೆಯಾಗಿತ್ತು. ಅಪ್ಪನನ್ನು ಉಳಿಸಿದ್ದೆ, ಎಂಟು ವರ್ಷದ ಮೌನ ಮುರಿದಿದ್ದೆ, ಮನೆಯಲ್ಲಿ ಇನ್ನು ಮುಚ್ಚಿಡುವ ರೋಗವಿಲ್ಲ ಎಂದುಕೊಂಡಿದ್ದೆ. ಗಂಟು ಹೆಗಲಿಗೆ ಹಾಕಿದೆ.

ಅವ್ವ ಕೌದಿ ಸುತ್ತುತ್ತಿದ್ದಳು. ತಲೆ ಎತ್ತದೆ ಕೇಳಿದಳು.

"ತಮ್ಮಾ, ಈ ಬಿಸಿನೀರಾಗ ಕುಂಡ್ರೂದು ಗಂಡಸರಿಗಷ್ಟ ಏನು?"

"ಯಾರಿಗಾದ್ರೂ ಆಗತೈತಿ. ಯಾಕಬೇ?"

"ಏನಿಲ್ಲ. ನಿನ್ನ ಹಡದಾಗಿಂದ ನನಗೂ ಐತಿ."

ಕೌದಿಯ ಮೇಲೆ ಹಗ್ಗ ಎರಡು ಸುತ್ತು ಬಂತು. ಅಪ್ಪ ದವಾಖಾನೆಯ ಮಂಚದ ಅಂಚಿನಲ್ಲಿ ಕುಳಿತವನು ಅವಳನ್ನೇ ನೋಡುತ್ತಿದ್ದ. ನೋಡುತ್ತ ನನಗೆ ಹೇಳಿದ.

"ನಿಮ್ಮವ್ವಗ ಕೇಳು. ಇಷ್ಟ ದಿನ ಯಾಕ ಹೇಳಲಿಲ್ಲಂತ."

ನಾನು ಕೇಳಬೇಕಾಗಲಿಲ್ಲ. "ಯಾರ ಮುಂದ ಹೇಳ್ಲಿ?" ಎಂದಳು ಅವ್ವ. "ನೀವಿಬ್ಬರೂ ನನ್ನ ಮುಂದ ಹೇಳತಿದ್ರಿ."

ಗಂಟನ್ನು ಕೆಳಗಿಟ್ಟೆ. ಹೆಂಗಸರಿಗೆ ಚೀಟಿ ಕೊಡುವ ಕಿಟಕಿ ಆ ಕಡೆಗಿತ್ತು. ಮುಚ್ಚುವ ಹೊತ್ತಾಗಿತ್ತೆಂದು ಬೇಗ ಬೇಗ ನಡೆದೆ. ಮುಂದೆ ನಾಲ್ಕೈದು ಹೆಂಗಸರು ನಿಂತಿದ್ದರು. ಅವ್ವ ಹಿಂದಿನಿಂದ ನನ್ನ ಅಂಗಿ ಜಗ್ಗುತ್ತಿದ್ದಳು, "ಬ್ಯಾಡೋ, ಇವತ್ತ ಬ್ಯಾಡೋ" ಎನ್ನುತ್ತಿದ್ದಳು. ನಮ್ಮ ಪಾಳಿ ಬಂದಾಗ ಕಾರಕೂನ ಹೆಸರು ಬರೆದುಕೊಂಡ.

"ಏನ ತ್ರಾಸು?"

"ಮೂಲವ್ಯಾಧಿ" ಎಂದೆ, ಹಿಂದಿದ್ದವರಿಗೂ ಕೇಳುವಂತೆ.

ಅವನು ಟಾಕಿನ ಪೆನ್ನನ್ನು ಮಸಿಯಲ್ಲಿ ಅದ್ದಿದ. ತಲೆ ಎತ್ತಲಿಲ್ಲ.

"ಎಷ್ಟ ದಿನದಿಂದ?"

ನನ್ನ ವಯಸ್ಸು ಹೇಳಿದೆ.